ಬುಧವಾರ ಬಂದ ಪಟ್ಟಿ

ನಮ್ಮ ಫುಟ್‌ಬಾಲ್ ಲೀಗಿನಲ್ಲಿ ಯಾರೂ ಚೆಂಡು ಒದೆಯುವುದಿಲ್ಲ. ಎಂಟು ಜನ, ಎಂಟು ತಂಡ. ಆಟಗಾರರೆಲ್ಲ ಕಂಪ್ಯೂಟರಿನೊಳಗಿನವರು, ಹೆಸರಿಟ್ಟವರು ಮಾತ್ರ ನಾವು. ಶುಕ್ರವಾರ ಸಂಜೆ ಆರರೊಳಗೆ ಪ್ರತಿಯೊಬ್ಬರೂ ಹನ್ನೊಂದು ಹೆಸರಿನ ಪಟ್ಟಿಯನ್ನು ನನಗೆ ಮೇಲ್ ಮಾಡಬೇಕು. ಶನಿವಾರ ನಾನು ಅದನ್ನು ಲ್ಯಾಪ್‌ಟಾಪಿಗೆ ತುಂಬಿ ಬಟನ್ ಒತ್ತಿದರೆ ಪಂದ್ಯ ತನ್ನಷ್ಟಕ್ಕೆ ನಡೆಯುತ್ತದೆ. ನನಗೆ ದಾಬಸ್‌ಪೇಟೆಯ ಗೋದಾಮಿನಲ್ಲಿ ಶಿಫ್ಟು, ಶಶಿರೇಖಕ್ಕನಿಗೆ ಹೊಸಕೋಟೆಯಲ್ಲಿ ಶಾಲೆ, ಸಕ್ಲೇನನಿಗೆ ದೊಡ್ಡಬಳ್ಳಾಪುರದಲ್ಲಿ ಕನ್ನಡಕದ ಅಂಗಡಿ. ಒಟ್ಟಿಗೆ ಕೂರಲು ಪುರುಸೊತ್ತಿಲ್ಲದ ನಮಗೆ ಇದೇ ಮೈದಾನ.

ನನಗೂ ಒಂದು ತಂಡವಿದೆಯಲ್ಲ, ಅದಕ್ಕೇ ಒಂದು ಕಟ್ಟಳೆ. ಆರು ಗಂಟೆ ದಾಟಿದ ಮೇಲೆ ಮೊದಲು ನನ್ನ ಪಟ್ಟಿಯನ್ನು ಗ್ರೂಪಿಗೆ ಹಾಕಬೇಕು, ಆಮೇಲಷ್ಟೇ ಉಳಿದವರ ಮೇಲ್ ತೆರೆಯಬೇಕು. ಕಟ್ಟಳೆ ಮಾಡಿದವನೂ ನಾನೇ. ಆರು ವರ್ಷ ಅದನ್ನು ಮುರಿದಿರಲಿಲ್ಲ.

ಪ್ಲೇಆಫ್ ಬಂತೆಂದರೆ ಗುರುವಾರ ವಿಶ್ಲೇಷಣೆ ಬರೆಯುವ ಕೆಲಸವೂ ನನ್ನದು. ಯಾರ ಡಿಫೆನ್ಸ್ ಗಟ್ಟಿ, ಯಾರೆದುರು ಯಾರು ನಿಂತರೆ ಪಂದ್ಯ ತಿರುಗುತ್ತದೆ, ಎಲ್ಲ ಹಿಂದಿನ ಪಂದ್ಯ ನೋಡಿಯೇ ಬರೆಯುತ್ತಿದ್ದೆ. ಚೆನ್ನಾಗಿಯೇ ಬರೆಯುತ್ತೇನೆ, ಅದರಲ್ಲಿ ನನಗೆ ವಿನಯವಿಲ್ಲ. ಆದರೆ ನನ್ನ ತಂಡ ಒಮ್ಮೆಯೂ ಫೈನಲ್ ಕಂಡಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ ಎಂದು ಗ್ರೂಪಿನಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಹಾಕುತ್ತಿದ್ದರು. ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಈ ಸಲ ಸೆಮಿಫೈನಲ್ ಸಕ್ಲೇನನ ಜೊತೆ. ಕೋಲಾರದಲ್ಲಿ ತಂಗಿ ಶಾಝಿಯಾಳ ಮದುವೆ ಇದ್ದುದರಿಂದ ಅವನು ಬುಧವಾರವೇ ಪಟ್ಟಿ ಕಳಿಸಿಬಿಟ್ಟ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೇಲ್ ಕಣ್ಣಿಗೆ ಬಿತ್ತು. ಬೆರಳು ಜಾರಿತು ಎನ್ನಲು ನಾನು ಮಗುವಲ್ಲ. ಬೇಕೆಂದೇ ತೆರೆದೆ.

ಎಡಗಡೆ ಫಾರ್ವರ್ಡ್ ಆಗಿ ಹಸನ್ ಎಂಬ ಹದಿನೇಳರ ಹುಡುಗನನ್ನು ಇಳಿಸಿದ್ದ. ಇಡೀ ಸೀಸನ್ ಬೆಂಚಿನಲ್ಲೇ ಕೂತಿದ್ದವನು, ಒಂದು ನಿಮಿಷವೂ ಆಡಿರಲಿಲ್ಲ. ಅವನನ್ನು ತಡೆಯಬೇಕಾದ ನನ್ನ ಬಲಗಡೆಯ ಅಂಬರೀಶ್ ನಂಬಿಗಸ್ತ, ಆದರೆ ನಿಧಾನ. ಅವನನ್ನು ತೆಗೆದು ಕಾಲು ಚುರುಕಿರುವ ನರೇಶನನ್ನು ಹಾಕಿಕೊಂಡೆ. ಅಷ್ಟಕ್ಕೇ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜಂಬ ಬಿಡಬೇಕಲ್ಲ! ಗುರುವಾರದ ವಿಶ್ಲೇಷಣೆಯಲ್ಲಿ ಬರೆದೆ: “ಸಕ್ಲೇನ್ ಈ ಸಲ ಹಸನನನ್ನು ಇಳಿಸಿದರೆ ಆಶ್ಚರ್ಯವಿಲ್ಲ. ಪಂದ್ಯ ತೀರ್ಮಾನವಾಗುವುದು ಅಲ್ಲೇ.”

ಶನಿವಾರ ಎರಡು ಸೊನ್ನೆಯಿಂದ ಗೆದ್ದೆ. ಹಸನ್ ಚೆಂಡು ಮುಟ್ಟಿದ್ದೇ ನಾಲ್ಕು ಸಲ. ಗ್ರೂಪಿನಲ್ಲಿ ಹೊಗಳಿಕೆಯೋ ಹೊಗಳಿಕೆ. “ಗುರು, ನೀನು ಜ್ಯೋತಿಷ್ಯದ ಬೋರ್ಡ್ ಹಾಕ್ಬಿಡು” ಎಂದು ವಿಜಯ್ ಬರೆದ. ಮದುವೆಯ ಗದ್ದಲದಲ್ಲಿ ಅಲ್ಲಿಯವರೆಗೆ ವಿಶ್ಲೇಷಣೆ ಓದಿರದ ಸಕ್ಲೇನ್ ಭಾನುವಾರ ಅದನ್ನು ಓದಿ ನನಗೊಬ್ಬನಿಗೇ ಒಂದು ಸಾಲು ಕಳಿಸಿದ.

“ಹಸನ್ ಬಗ್ಗೆ ಚೆನ್ನಾಗಿ ಬರ್ದಿದ್ದೀಯ ನವೀನಾ.”

ಸೋಮವಾರ ಶಿಫ್ಟ್ ಮುಗಿಸಿ ಅವನ ಅಂಗಡಿಗೆ ಹೋದೆ. ಅಜ್ಜಿಯೊಬ್ಬರಿಗೆ ಕನ್ನಡಕ ಹಾಕಿ ಕನ್ನಡಿ ಹಿಡಿದಿದ್ದ. ಅವರನ್ನು ಕಳಿಸಿದ ಮೇಲೂ ಬಟ್ಟೆಯಿಂದ ಗಾಜು ಒರೆಸುತ್ತಲೇ ಇದ್ದ.

“ನೋಡ್ಬಿಟ್ಟೆ ಕಣೋ” ಎಂದೆ.

“ಗೊತ್ತು.”

“ಗ್ರೂಪಲ್ಲಿ ಯಾಕೆ ಹೇಳ್ಲಿಲ್ಲ?”

“ನಾನ್ ಹೇಳಿದ್ರೆ ಸೋತ ಹೊಟ್ಟೆಕಿಚ್ಚು ಅಂತಾರೆ. ಇಲ್ಲಾ, ನಿನ್ನ ಉಗಿದು ಲೀಗೇ ಮುಚ್ತಾರೆ. ನಂಗೆ ಎರಡೂ ಬೇಡ.” ಕನ್ನಡಕವನ್ನು ಡಬ್ಬಿಯಲ್ಲಿಟ್ಟ. “ಆ ಹುಡುಗನ್ನ ಮೂರು ಸೀಸನ್‌ನಿಂದ ಬೆಳೆಸಿದ್ದೆ ಕಣೋ. ಒಂದ್ ಮ್ಯಾಚ್‌ಗೋಸ್ಕರ ಬಚ್ಚಿಟ್ಟಿದ್ದೆ. ನಿಂಗೆ ಕಳ್ಸಿದ್ರೆ ಬೀರುನಲ್ಲಿ ಇಟ್ಟಂಗೆ ಅಂದ್ಕೊಂಡೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಂಗಡಿಯ ಮೆಟ್ಟಿಲ ಮೇಲೆ ಕೂತು ಗ್ರೂಪಿಗೆ ಬರೆದೆ. ಬುಧವಾರ ಪಟ್ಟಿ ತೆರೆದೆ, ಅದನ್ನು ನೋಡಿ ತಂಡ ಬದಲಿಸಿದೆ, ಈ ಗೆಲುವು ನನ್ನದಲ್ಲ. ಅಲಂಕಾರ ಮಾಡಲಿಲ್ಲ. ಅರ್ಧ ಗಂಟೆಯ ಮೇಲೆ ಶಶಿರೇಖಕ್ಕ, “ಮ್ಯಾಚ್ ಇನ್ನೊಂದ್ ಸಲ ಆಗ್ಲಿ. ಲಿಸ್ಟ್ ನಂಗೆ ಕಳ್ಸಿ” ಎಂದು ಬರೆದರು.

ಸಕ್ಲೇನ್ ಅವರಿಗೆ ಕಳಿಸಲಿಲ್ಲ, ನೇರ ಗ್ರೂಪಿಗೇ ಹಾಕಿದ. ಅದೇ ಹನ್ನೊಂದು ಹೆಸರು, ಎಡಗಡೆ ಅದೇ ಹಸನ್. “ಇನ್ನು ಬಚ್ಚಿಡೋಕೆ ಏನೂ ಇಲ್ಲ” ಎಂದು ಕೆಳಗೆ ಬರೆದಿದ್ದ. ನಾನು ಬುಧವಾರಕ್ಕೆ ಮುಂಚೆ ಮನಸ್ಸಿನಲ್ಲಿದ್ದ ತಂಡವನ್ನೇ ಕಳಿಸಿದೆ, ಬಲಗಡೆ ಅಂಬರೀಶ್. ಉದಾರತೆಯೇನಲ್ಲ. ನರೇಶನ ಹೆಸರು ಟೈಪ್ ಮಾಡಲು ಕೈ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಎಂದೂ ಒಟ್ಟಿಗೆ ಸೇರದ ನಾವು ಎಂಟೂ ಜನ ಸಕ್ಲೇನನ ಅಂಗಡಿಯಲ್ಲಿ ಸೇರಿದೆವು. ನನ್ನ ಲ್ಯಾಪ್‌ಟಾಪಿನಲ್ಲಿ ಅಕ್ಕ ಬಟನ್ ಒತ್ತಿದರು. ಎಪ್ಪತ್ತೊಂದನೇ ನಿಮಿಷದಲ್ಲಿ ಹಸನ್ ಅಂಬರೀಶನನ್ನು ದಾಟಿ ಹೋಗಿ ಗೋಲು ಹೊಡೆದ. ಎಲ್ಲರೂ ಕೂಗಿದರು. ಸೋತ ನಾನೂ ಕೂಗಿದೆ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು.

ಟೀ ಕುಡಿಯುವಾಗ ಸಕ್ಲೇನ್ ಪಕ್ಕ ಬಂದು ಹೆಗಲ ಮೇಲೆ ಕೈಯಿಟ್ಟ.

“ಫೈನಲ್‌ಗೆ ಅನಾಲಿಸಿಸ್ ನೀನೇ ಬರಿ. ನಿನ್ನಂಗೆ ಬರ್ಯೋಕೆ ಯಾರಿಗೂ ಬರಲ್ಲ.”

“ಬರೀತೀನಿ” ಎಂದೆ.

“ಲಿಸ್ಟ್ ಮಾತ್ರ ಇನ್ಮೇಲೆ ಅಕ್ಕನಿಗೇ ಕಳಿಸ್ತೀವಿ ಕಣೋ.”

ಅವನು ಕೋಪದಿಂದ ಹೇಳಲಿಲ್ಲ. ತಲೆಯಾಡಿಸಿ, ಲೀಗಿನ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಶಶಿರೇಖಕ್ಕನ ಕೈಗೆ ಕೊಟ್ಟೆ. ಅವರು ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು, ನನ್ನ ಮುಖ ನೋಡದೆ, “ಟೀ ಆರೋಗುತ್ತೆ, ಕುಡಿಯಪ್ಪಾ” ಎಂದರು.