ತವರ ಬರದ ವರ್ಷಗಳು

ಶಿರಾದ ಇಮಾಮ್ ಸಾಬ್ ಕಲಾಯಿ ಹಾಕುವವನು. ಸುಗ್ಗಿ ಮುಗಿದರೆ ಹೆಂಡತಿ ಖಾಜಾಬಿಯನ್ನು ಕರೆದುಕೊಂಡು ಮಧುಗಿರಿ ಕಡೆಯ ಹಳ್ಳಿಗಳಿಗೆ ಹೊರಡುತ್ತಿದ್ದ. ಯಾವುದಾದರೂ ಹುಣಸೆಮರದ ಕೆಳಗೆ ಒಲೆ ಹೂಡುತ್ತಿದ್ದರು. ಅವಳು ತಿದಿ ಒತ್ತುತ್ತಿದ್ದಳು. ಇವನು ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಎರಚಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿಯಂಥ ಬಿಳುಪು. ಆ ಬಿಳುಪು ಇದ್ದರೆ ಹುಳಿ ಸಾರು ಕಿಲುಬುಗಟ್ಟುವುದಿಲ್ಲ.

ಚೀನಾ ಯುದ್ಧ ನಿಂತ ಮೇಲೆ ತವರ ಸಿಗುವುದೂ ನಿಂತಿತು. ಪೇಟೆಬೀದಿಯ ಲೋಹದ ಅಂಗಡಿಯ ಚಂದ್ರಶೇಖರಯ್ಯ ಇಲ್ಲವೆಂದು ಕೈಯಲ್ಲಾಡಿಸಿದರು.

"ಅದು ನಮ್ಮ ದೇಶದ ಮಾಲಲ್ಲ ಸಾಬ್ರೆ, ಹಡಗಿನಲ್ಲಿ ಬರಬೇಕು. ಹೊರದೇಶಕ್ಕೆ ಕೊಡೋ ದುಡ್ಡೆಲ್ಲ ಈಗ ಬಂದೂಕಿಗೆ, ಮಿಲಿಟರಿ ಲಾರಿಗೆ. ಬರೋ ಅಷ್ಟಿಷ್ಟು ತವರಾನೂ ಪರ್ಮಿಟ್ ಇರೋ ಕಾರ್ಖಾನೆಗೇ ಹೋಗುತ್ತೆ."

"ನಂಗೂ ಒಂದು ಪರ್ಮಿಟ್ ಕೊಡಕಿಲ್ವಾ?"

"ಕಾರ್ಖಾನೆ ಎಲ್ಲಿದೆ ಅಂತ ಕೇಳ್ತಾರೆ. ಏನು ಹೇಳ್ತೀರಿ?"

ಇಮಾಮ್ ಸಾಬ್ ಪರ್ಮಿಟ್ ಕೇಳಲು ತುಮಕೂರಿನ ಕಚೇರಿಗೂ ಹೋಗಿ ಬಂದ. ಅಲ್ಲಿಯೂ ಅದನ್ನೇ ಕೇಳಿದರು. ಮರದ ಕೆಳಗೆ ಎನ್ನಲು ನಾಚಿಕೆಯಾಗಿ ವಾಪಸಾದ.

ಕೊನೆಗೆ ಚಂದ್ರಶೇಖರಯ್ಯನವರೇ ಒಳಗಿನಿಂದ ಒಂದು ಗಟ್ಟಿ ತಂದು ತೋರಿಸಿದರು. ಅರ್ಧ ತವರ, ಅರ್ಧ ಸೀಸ. ಹೊಳಪಿಗೇನೂ ಕಡಿಮೆಯಿಲ್ಲ, ಉಳಿದ ಕಲಾಯಿಯವರೆಲ್ಲ ಒಯ್ಯುತ್ತಿದ್ದಾರೆ ಎಂದರು. ಅವನು ಅದನ್ನು ಕೈಯಲ್ಲಿ ಹಿಡಿದ. ಭಾರವಾಗಿತ್ತು. ಸೀಸ ಹಾಕಿದ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ವಿಷವೆಂದು ಅವನ ಅಪ್ಪ ಕೆಲಸ ಕಲಿಸುವಾಗಲೇ ಹೇಳಿದ್ದ. ಗಟ್ಟಿಯನ್ನು ಗಲ್ಲಾದ ಮೇಲೆ ಇಟ್ಟು ಹೊರಬಂದ.

ದೊಡ್ಡೇರಿಯಲ್ಲಿ ಜಗದಾಂಬ ಎಂಬ ಗೌಡಶಾನಿ ಮಗಳ ಮದುವೆಗೆಂದು ಮನೆಯ ಪಾತ್ರೆಯನ್ನೆಲ್ಲ ಅಂಗಳಕ್ಕೆ ಹಾಕಿಸಿ ಅವನಿಗೆ ಹೇಳಿಕಳಿಸಿದಳು. ತವರ ಇಲ್ಲ ಎಂದು ಹೇಳುವುದಕ್ಕಾದರೂ ಹೋಗಬೇಕಲ್ಲ ಎಂದು ಗಂಡಹೆಂಡತಿ ಹೋದರು.

"ಇಂಗಂದ್ರೆ ಹೆಂಗೆ ಸಾಬ್ರೆ?" ಎಂದಳು ಜಗದಾಂಬ. "ಊರೋರ್ಗೆಲ್ಲ ಯಾತ್ರಲ್ಲಿ ಅಡಿಗೆ ಮಾಡಿಸ್ಲಿ?"

ಅವಳ ಮೈದುನ ಅಡವಯ್ಯ ಜಗಲಿಯ ಮೇಲೆ ಕೂತಿದ್ದ. "ಸುಳ್ಳು ಕಣತ್ತಿಗೆ. ರೇಟು ಏರ್ಲಿ ಅಂತ ಬಚ್ಚಿಟ್ಟವ್ನೆ. ಲೇ ಸಾಬಿ, ಈಗ ಮಾಲು ಬಚ್ಚಿಟ್ರೆ ಪೊಲೀಸ್ನೋರು ಒಳಗಾಕ್ತಾರೆ, ಗೊತ್ತೇನ್ಲಾ?"

ಆಳುಗಳು ಖಾಜಾಬಿಯ ಗಂಟು ಬಿಚ್ಚಿ ನೋಡಿದರು. ಒಂದು ಸೀರೆ, ಇದ್ದಿಲು, ಮಸಿಯರಿವೆ ಬಿಟ್ಟರೆ ಏನೂ ಇರಲಿಲ್ಲ. ಅವಳು ನೆಲಕ್ಕೆ ಬಿದ್ದ ಸೀರೆ ಎತ್ತಿಕೊಂಡು ಮಡಚಿದಳು.

ಮದುವೆಯ ಹಿಂದಿನ ವಾರ ಮಧುಗಿರಿಯಿಂದ ಬೇರೆ ಕಲಾಯಿಯವನು ಬಂದು ಆ ಪಾತ್ರೆಗಳಿಗೆಲ್ಲ ಸೀಸದ ಕಲಾಯಿ ಹಾಕಿಹೋದ. ಸುದ್ದಿ ಕೇಳಿ ಇಮಾಮ್ ಸಾಬ್ ಮತ್ತೆ ದೊಡ್ಡೇರಿಗೆ ಹೋದ.

"ಅಮ್ಮಾ, ಅದ್ರಲ್ಲಿ ಹುಣಸೆಹುಳಿ ಬೇಯಿಸ್ಬೇಡಿ. ಅನ್ನ ಬೇಕಾದ್ರೆ ಮಾಡಿಸಿ, ಸಾರು ಮಡಕೇಲಿ ಮಾಡಿಸಿ."

"ಕೆಲ್ಸ ಕೈತಪ್ಪಿದ್ಮೇಲೆ ಬಂದು ಇಂಗಂತೀರಲ್ಲ," ಎಂದಳು ಜಗದಾಂಬ. ಅವಳಿಗೆ ಸಿಟ್ಟಿರಲಿಲ್ಲ, ಬೇಸರವಿತ್ತು. ಅವನು ಬಂದ ದಾರಿ ಹಿಡಿದ. ಏನು ಹೇಳಿದರೂ ಹೊಟ್ಟೆಕಿಚ್ಚೆಂದೇ ಕಾಣುತ್ತಿತ್ತು.

ಆಮೇಲೆ ಯಾವ ಊರಿನಲ್ಲೂ ಅವನನ್ನು ಕರೆಯಲಿಲ್ಲ. ಶಿರಾದ ಗುಜರಿ ವ್ಯಾಪಾರಿ ಅಹಮದ್ ಷರೀಫ್ ಮಾತ್ರ ಕರೆದ. ತಾಮ್ರವೂ ಹೊರಗಿನಿಂದ ಬರುವುದು ಕಡಿಮೆಯಾಗಿ, ಹಳೆಯ ತಾಮ್ರ ಹಿತ್ತಾಳೆಗೆ ಎಂದೂ ಇಲ್ಲದ ಬೆಲೆ ಬಂದಿತ್ತು. ಪಾವಗಡ, ಕೊರಟಗೆರೆಯಿಂದೆಲ್ಲ ಗಾಡಿಯಲ್ಲಿ ಪಾತ್ರೆ ಬರುತ್ತಿತ್ತು. ಅವನ್ನು ಬಡಿದು ಚಪ್ಪಟೆ ಮಾಡಿ ಲಾರಿಗೆ ತುಂಬಬೇಕು. ಅವು ಬಂದೂಕಿನ ತೋಟಾ ಮಾಡುವ ಕಾರ್ಖಾನೆಗೆ ಹೋಗುತ್ತವೆಂದು ಷರೀಫ್ ಹೆಮ್ಮೆಯಿಂದ ಹೇಳುತ್ತಿದ್ದ.

ಬೇರೆ ದಾರಿ ಕಾಣದೆ ಇಮಾಮ್ ಸಾಬ್ ಸುತ್ತಿಗೆ ಹಿಡಿದ. ಗೋದಾಮಿಗೆ ಕಿಟಕಿ ಇರಲಿಲ್ಲ. ತಗಡಿನ ಬಾಗಿಲನ್ನು ಷರೀಫ್ ಕಳ್ಳರ ಭಯಕ್ಕೆ ಹೊರಗಿನಿಂದ ಚಿಲಕ ಹಾಕಿಸುತ್ತಿದ್ದ. ಎಷ್ಟೋ ಪಾತ್ರೆಗಳ ಒಳಗೆ ತಾನೇ ಹಾಕಿದ ಕಲಾಯಿ ಇನ್ನೂ ಬೆಳ್ಳಗೆ ಉಳಿದಿತ್ತು. ಮೊದಮೊದಲು ಅಂಥವನ್ನು ಪಕ್ಕಕ್ಕೆ ಇಡುತ್ತಿದ್ದ. ರಾಶಿ ಬೆಳೆದಂತೆ ಇಡಲು ಜಾಗವಿಲ್ಲದೆ ಅವನ್ನೂ ಬಡಿಯತೊಡಗಿದ. ದಿನವಿಡೀ ಬಡಿತದ ಸದ್ದು ಕೇಳಿ, ಸಂಜೆ ಮನೆಗೆ ಬಂದರೆ ಖಾಜಾಬಿ ಕರೆದದ್ದು ಕಿವಿಗೆ ಬೀಳುತ್ತಿರಲಿಲ್ಲ.

ಪಾಕಿಸ್ತಾನದ ಯುದ್ಧ ಬಂದಾಗ ಷರೀಫ್ ಇನ್ನೊಂದು ಗೋದಾಮು ಹಿಡಿದ. ಆ ವರ್ಷ ಒಂದು ಸಂಜೆ ಖಾಜಾಬಿ ಗಂಡನ ಪಕ್ಕ ಕೂತು, ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು: "ಬುಟ್ಬುಡಿ ಈ ಕೆಲ್ಸಾನ. ತವರ ಇವತ್ತಲ್ಲ ನಾಳೆ ಬತ್ತದೆ. ಮತ್ತೆ ಊರ್ಮೇಲೆ ಹೋಗಾನ."

"ಬಂದ್ರೂ ಯಾತಕ್ಕೆ ಹಾಕ್ಲಿ?" ಎಂದ ಇಮಾಮ್ ಸಾಬ್. "ಪಾತ್ರೆ ಎಲ್ಲಾ ಒಡೆದಾಕ್ಬುಟ್ಟೆ ಕಣೆ."

ಅವಳು ಅವನ ಊದಿದ ಅಂಗೈಗೆ ಹರಳೆಣ್ಣೆ ತಿಕ್ಕಿದಳು. ಬೆಳಿಗ್ಗೆ ಅವನು ಹೊತ್ತಿಗೆ ಸರಿಯಾಗಿ ಗೋದಾಮಿಗೆ ಹೋದ.