ನಿಮಿಷಕ್ಕೆ ಮುನ್ನೂರು ಏಟು

ದಿನಾ ಸಂಜೆ ನಾಲ್ಕಕ್ಕೆ ನಮ್ಮ ಮನೆಯ ಕಿಟಕಿ ಗಾಜು ನಡುಗಲು ಶುರುವಾದರೆ ಕೆಳಗಿನ ಮನೆಯ ಅಜ್ಜಿ ತನ್ನ ಮಾತ್ರೆ ನುಂಗುತ್ತಿದ್ದಳು. ಅವಳಿಗೆ ಬೇರೆ ಗಡಿಯಾರ ಬೇಕಿರಲಿಲ್ಲ. ನನ್ನ ಸೋದರಮಾವನಿಗೂ ಅವಳಿಗೂ ಒಪ್ಪಂದವಾಗಿತ್ತು: ನಾಲ್ಕರಿಂದ ನಾಲ್ಕೂವರೆ ತನಕ ಸ್ಪೀಕರ್, ಮಿಕ್ಕ ಹೊತ್ತೆಲ್ಲ ಹೆಡ್‌ಫೋನ್.

"ಇವತ್ತು ಯಾರ ಮನೆ ಕೆಡವ್ತಾ ಇದೀಯೋ?" ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳು.

"ನಮ್ಮದೇ ಅಕ್ಕಾ. ಬೇರೆಯವರದ್ದಾದ್ರೆ ಪರ್ಮಿಷನ್ ಬೇಕು."

ಮಾವ ಮಾಡುತ್ತಿದ್ದುದು ಸಂಗೀತ. ಹಾರ್ಡ್‌ಕೋರ್ ಟೆಕ್ನೊ ಎಂಬ ಕುಣಿತದ ಸಂಗೀತವಿದೆ. ಅದರಲ್ಲಿ ಎಲ್ಲಕ್ಕಿಂತ ಒರಟು, ಎಲ್ಲಕ್ಕಿಂತ ವೇಗದ ಜಾತಿಗೆ ಸ್ಪೀಡ್‌ಕೋರ್ ಅನ್ನುತ್ತಾರೆ. ರಾಗವಿಲ್ಲ, ಮಾತಿಲ್ಲ. ಡ್ರಮ್ಮಿನ ಏಟನ್ನು ಹರಿದು ಚಿಂದಿ ಮಾಡಿ, ನಿಮಿಷಕ್ಕೆ ಮುನ್ನೂರು ಸಲ ಬಡಿಯುವುದು. ಮೊದಮೊದಲು ನನಗೆ ಎದೆ ಹಾರುತ್ತಿತ್ತು. ಆಮೇಲೆ ಒಗ್ಗಿತು. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು, ದರ್ಜಿಯೊಬ್ಬರ ಅಂಗಡಿಗೆ ಕಾಜಾ ಹೊಲಿದು ಗುಂಡಿ ಹಾಕಿಕೊಡುವವಳು. ಮಾವನ ಕೋಣೆಯಲ್ಲಿ ಬೆಳಕು ಚೆನ್ನಾಗಿದೆ ಎಂದು ಅಲ್ಲೇ ಕೂರುತ್ತಿದ್ದೆ. ಆ ಸದ್ದಿನೊಳಗೆ ಯಾರೂ ನನ್ನನ್ನು ಮಾತಾಡಿಸುವುದಿಲ್ಲ ಎಂಬುದೇ ನನಗೆ ದೊಡ್ಡ ನೆಮ್ಮದಿ.

ಮಾವ ಇಪ್ಪತ್ತಾರು ವರ್ಷ ತಗಡಿನ ಕಾರ್ಖಾನೆಯಲ್ಲಿ, ತಗಡನ್ನು ಬಡಿದು ಅಚ್ಚೊತ್ತುವ ಪ್ರೆಸ್ ಮೆಷಿನ್ ನಡೆಸಿದವರು. ಕಾರ್ಖಾನೆ ಮುಚ್ಚುವ ವಾರ ಅಲ್ಲಿನ ಸದ್ದುಗಳನ್ನೆಲ್ಲ ಫೋನಿನಲ್ಲಿ ತುಂಬಿಕೊಂಡು ಬಂದಿದ್ದರು. "ಮಿಕ್ಕವರು ನೆನಪಿಗೆ ಗೋಡೆ ಗಡಿಯಾರ ತಂದ್ರು, ನನ್ನ ತಮ್ಮ ಗಲಾಟೆ ತಂದ" ಎಂದು ಅಮ್ಮ ಈಗಲೂ ಹೇಳುತ್ತಾಳೆ. ಆ ಗಲಾಟೆಯಲ್ಲಿ ಮಾವನಿಗೆ ತುಂಬ ಇಷ್ಟವಾದದ್ದು ಒಂದು ಸಣ್ಣ ಸದ್ದು. ಮೆಷಿನ್ ಬಡಿದ ಮೇಲೆ ತಗಡನ್ನು ಅಚ್ಚಿನಿಂದ ಎಳೆಯುವಾಗ 'ಸ್ರೀ' ಎಂದು ಸೀಳುವ ಸದ್ದು.

"ಏಟು ಯಾರು ಬೇಕಾದ್ರೂ ಹಾಕ್ತಾರೆ ಮರಿ. ಏಟು ತಿಂದ ಮೇಲೆ ತಗಡು ಉಸಿರು ಬಿಡುತ್ತಲ್ಲ, ಅದು ನನ್ನ ಹತ್ರ ಮಾತ್ರ ಇರೋದು."

ಆ ಕಾರ್ಖಾನೆಯ ಗದ್ದಲದಲ್ಲಿ ಬಾಯಿಗೆ ಕೆಲಸವಿರಲಿಲ್ಲ, ಎಲ್ಲ ಕೈಸನ್ನೆ. ಮಾವ ನನಗೂ ಕಲಿಸಿದ್ದರು. ಮಾತೆಂದರೆ ಹಿಂಜರಿಯುವ ನನ್ನಂಥವಳಿಗೆ ಅದು ಬೆಲ್ಲ ಕೊಟ್ಟ ಹಾಗಿತ್ತು. ಅದರಲ್ಲಿ ಒಂದು ನಿಯಮ ಎಲ್ಲಕ್ಕಿಂತ ದೊಡ್ಡದು: ಯಾರಾದರೂ ಅಂಗೈ ಬಿಡಿಸಿ, ತಲೆಯ ಮೇಲೆ ಎತ್ತಿ, ಅಲುಗದೆ ನಿಂತರೆ ಮೆಷಿನ್ ನಿಲ್ಲಬೇಕು. ಎತ್ತಿದ್ದು ಮೇಸ್ತ್ರಿಯೇ ಆಗಲಿ, ಕಸ ಗುಡಿಸುವವಳೇ ಆಗಲಿ. ಯಾಕೆ ಎಂದು ಕೇಳುವುದು ಆಮೇಲೆ. ಎತ್ತಿದವರು ತಾವಾಗಿ ಕೈ ಇಳಿಸುವ ತನಕ ಮತ್ತೆ ಶುರು ಮಾಡುವಂತಿಲ್ಲ. "ನನ್ನ ಹತ್ತು ಬೆರಳು ಇನ್ನೂ ಹತ್ತೇ ಇರೋದು ಅದರಿಂದ" ಎನ್ನುತ್ತಿದ್ದರು ಮಾವ.

ಹೀಗಿರುವಾಗ, ಬೀದಿಯಲ್ಲಿ ಹೋಗುತ್ತ ನಾಲ್ಕರ ಸದ್ದು ಕೇಳಿ ಒಬ್ಬಳು ಹುಡುಗಿ ಮನೆಗೆ ಬಂದಳು. ತಲೆಯ ಒಂದು ಕಡೆ ಮಾತ್ರ ಬೋಳಿಸಿಕೊಂಡಿದ್ದಳು. ಅವಳು ಮೆಟ್ಟಿಲು ಇಳಿಯುವಷ್ಟರಲ್ಲಿ ಅಮ್ಮ 'ಅರ್ಧತಲೆ' ಎಂದು ಹೆಸರಿಟ್ಟಾಗಿತ್ತು. ಹಳೆಯ ಗೋದಾಮೊಂದರಲ್ಲಿ ಭಾನುವಾರ ಮಧ್ಯಾಹ್ನ ಇಂಥ ಸಂಗೀತದ ಕೂಟ ನಡೆಸುವವಳು ಅವಳೇ.

"ಅಂಕಲ್, ಅರ್ಧ ಗಂಟೆ ನಿಮ್ಮದು. ನಮ್ಮವರೆಲ್ಲ ಕಂಪ್ಯೂಟರಲ್ಲಿ ಸುಳ್ಳು ಕಾರ್ಖಾನೆ ಕಟ್ತಾರೆ. ನಿಮ್ಮದು ನಿಜವಾದ್ದು."

ಐವತ್ತಮೂರನೆಯ ವಯಸ್ಸಿನಲ್ಲಿ ಮಾವನ ಸಂಗೀತವನ್ನು ಮೊದಲ ಸಲ ಹತ್ತು ಜನ ಸೇರಿ ಕೇಳುವವರಿದ್ದರು. ಮಾವ ಅಂಗಿಯೊಂದನ್ನು ನಾಲ್ಕು ದಿನ ಮೊದಲೇ ಇಸ್ತ್ರಿ ಮಾಡಿ ನೇತುಹಾಕಿದರು.

ಗುರುವಾರ ಐದು ಗಂಟೆಗೆ ಅವರ ಮೇಜಿನ ಮೇಲಿನ ಅಲಾರಂ ಪೀಪೀ ಎನ್ನತೊಡಗಿತು. ಹೊಲಿದ ಬಟ್ಟೆ ಅಂಗಡಿಗೆ ಕೊಡುವ ಹೊತ್ತಿಗೆಂದು ನಾನೇ ಇಟ್ಟದ್ದು. ಸಾಮಾನ್ಯವಾಗಿ ಅದು ಬಾಯಿ ತೆರೆಯುವ ಮೊದಲೇ ನಾನು ಒತ್ತಿಬಿಡುತ್ತಿದ್ದೆ. ಅವತ್ತು ಸೂಜಿಗೆ ದಾರ ಪೋಣಿಸುತ್ತಿದ್ದೆ. ಮಾವ ಅದರ ಪಕ್ಕದಲ್ಲೇ, ಹೆಡ್‌ಫೋನ್ ಇಲ್ಲದೆ, ಪೇಪರ್ ಓದುತ್ತಿದ್ದರು. ತಲೆ ಎತ್ತಲಿಲ್ಲ. ನಾನು ಎದ್ದು ಹೋಗಿ ಒತ್ತಿದೆ.

"ಅದನ್ಯಾಕೆ ಮುಟ್ತೀಯ? ಕೆಟ್ಟು ವರ್ಷ ಆಯ್ತು. ಹೊಡೆಯೋದೇ ಇಲ್ಲ."

ಕೆಲವು ತಿಂಗಳಿಂದ ಮಾವನ ಸಂಗೀತದಲ್ಲಿ ಒಂದು ಕೀಚಲು ಬೆಳೆಯುತ್ತಿತ್ತು, ಕಿವಿಗೆ ದಬ್ಬಳ ಚುಚ್ಚಿದ ಹಾಗೆ. ಬೇಕೆಂದೇ ಹಾಕಿದ್ದಾರೆ ಎಂದುಕೊಂಡಿದ್ದೆ. ನೋಯಿಸುವುದೇ ಕೆಲಸವಾದ ಸಂಗೀತದಲ್ಲಿ ಯಾವ ನೋವು ತಪ್ಪು, ಯಾವುದು ಸರಿ ಎಂದು ಹೇಗೆ ಹೇಳುವುದು? ಈಗ ತಿಳಿಯಿತು. ಮಾತು ಕೇಳಿಸಿದರೂ ಅಲಾರಂನಂಥ ಕೀಚು ಸದ್ದುಗಳು ಮಾವನ ಕಿವಿಗೆ ಬೀಳುತ್ತಿಲ್ಲ. ತಗಡಿನ ಉಸಿರು ತನಗೆ ಕೇಳಿಸುವ ತನಕ ಅದನ್ನು ಏರಿಸುತ್ತಲೇ ಹೋಗಿದ್ದಾರೆ.

ಶನಿವಾರ ಬಾಯಿ ತೆರೆದೆ. "ಮಾವ, ಆ ತಗಡಿನ ಸದ್ದು..."

"ಹಾಂ! ಈಗ ಚೆನ್ನಾಗಿ ಕೇಳಿಸ್ತಿದೆ ಅಲ್ವಾ? ಮೊದಲು ಎಲ್ಲೋ ಮುಳುಗಿ ಹೋಗಿತ್ತು ನೋಡು."

ಅವರ ಮುಖ ನೋಡಿದೆ. "ಹೂಂ" ಎಂದೆ.

ಭಾನುವಾರ ಗೋದಾಮಿನ ಬಾಗಿಲಲ್ಲಿ ಅರ್ಧತಲೆ ಎಲ್ಲರಿಗೂ ಕಿವಿಗೆ ತುರುಕಿಕೊಳ್ಳುವ ಸ್ಪಂಜಿನ ತುಂಡು ಹಂಚುತ್ತಿದ್ದಳು. "ಕೇಳೋಕೆ ಅಂತ ಕರೆದು ಕಿವಿ ಮುಚ್ಚಿಸ್ತಾರಲ್ಲೇ!" ಎನ್ನುತ್ತ ಅಮ್ಮ ಎರಡು ಜೊತೆ ತೆಗೆದುಕೊಂಡಳು. ಒಳಗೆ ಅರವತ್ತು ಜನರಿರಬಹುದು. ನನ್ನ ಎತ್ತರದ ಸ್ಪೀಕರುಗಳು. ಮಾವ ಇಸ್ತ್ರಿ ಅಂಗಿಯ ತೋಳು ಮಡಚಿ ಮೇಜಿನ ಹಿಂದೆ ನಿಂತರು.

ಮೊದಲ ಐದು ನಿಮಿಷ ಬರೀ ಏಟು. ನೆಲ ಅಂಗಾಲಿಗೆ ಒದೆಯಿತು. ಜನ ಮುಷ್ಟಿ ಎತ್ತಿ ಕುಣಿದರು, ಬೆವರಿದರು, ನಕ್ಕರು. ಅಪರಿಚಿತರು ಒಬ್ಬರನ್ನೊಬ್ಬರು ಹಿಡಿದುಕೊಂಡು ಹಾರಿದರು. ಇಷ್ಟು ಕೋಪದ ಸದ್ದಿಗೆ ಇಷ್ಟು ಸಂತೋಷದ ಮುಖಗಳನ್ನು ನಾನು ಕಂಡಿರಲಿಲ್ಲ.

ಆಮೇಲೆ ತಗಡು ಬಂತು.

ಮನೆಯ ಪುಟ್ಟ ಸ್ಪೀಕರಿನಲ್ಲಿ ದಬ್ಬಳವಾಗಿದ್ದದ್ದು ಇಲ್ಲಿ ಈಟಿಯಾಗಿತ್ತು. ಸ್ಪಂಜನ್ನೂ ತೂರಿಕೊಂಡು ಹೋಯಿತು. ಮುಂದಿದ್ದವರು ಕಿವಿ ಹಿಡಿದು ಹಿಂದೆ ಸರಿದರು, ಕೆಲವರು ಬಾಗಿಲ ಕಡೆ ಓಡಿದರು. ಮಾವ ತಲೆ ಬಗ್ಗಿಸಿ ಗುಂಡಿಗಳ ಮೇಲೆ ಬೆರಳಿಟ್ಟು ನಗುತ್ತಿದ್ದರು. ಅರ್ಧತಲೆ ಕರೆಂಟಿನ ಸ್ವಿಚ್ಚಿನ ಕಡೆ ಹೋಗುತ್ತಿರುವುದು ಕಂಡಿತು. ಅವಳು ಆರಿಸಿದರೆ ಮಾವನಿಗೆ ಯಾಕೆಂದೂ ತಿಳಿಯುವುದಿಲ್ಲ. ತಮ್ಮ ಕೆಲಸ ಯಾರಿಗೂ ಬೇಡವಾಯಿತು ಎಂದುಕೊಂಡು ಮನೆಗೆ ಬರುತ್ತಾರೆ, ಅಷ್ಟೆ.

ಜನ ಬಿಟ್ಟುಹೋದ ಖಾಲಿ ಜಾಗಕ್ಕೆ ಹೋಗಿ ನಿಂತೆ. ಅಂಗೈ ಬಿಡಿಸಿ ಎತ್ತಿದೆ.

ಮಾವ ತಲೆ ಎತ್ತಿದರು. ಹಿಂದೆ ಇನ್ನೂ ಕೆಲವು ಕೈಗಳು ಕುಣಿಯುತ್ತಿದ್ದವು, ಅಲುಗದೆ ಇದ್ದದ್ದು ಇದೊಂದೇ. ಅವರು ಯೋಚಿಸಲಿಲ್ಲ. ಕೈ ತಾನಾಗಿ ಹೋಗಿ ಎಲ್ಲವನ್ನೂ ನಿಲ್ಲಿಸಿತು.

ಅರವತ್ತು ಜನ ನನ್ನನ್ನೇ ನೋಡಿದರು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

"ಯಾರದು? ಕೈ ಇಳಿಸಮ್ಮಾ!" ಅರ್ಧತಲೆ ಕೂಗಿದಳು.

"ಹೇಳಂಗಿಲ್ಲ. ಅವಳಾಗೇ ಇಳಿಸ್ಬೇಕು," ಎಂದರು ಮಾವ. ನನ್ನ ಕಡೆ ಗದ್ದ ಎತ್ತಿ ಏನೆಂದು ಕೇಳಿದರು.

ಎಡಗೈಯಿಂದ ಕಿವಿ ಮುಟ್ಟಿದೆ. ಸದ್ದು ಏರಿದೆ ಎಂದು ಬೆರಳು ಮೇಲೆ ತೋರಿಸಿದೆ. ಸೂಜಿ ಚುಚ್ಚಿ ಎಳೆದಂತೆ ಮಾಡಿದೆ. ಅವರು ತಮ್ಮ ಎದೆ ಮುಟ್ಟಿಕೊಂಡರು, ಆಮೇಲೆ ತಮ್ಮ ಕಿವಿ: ನನಗೆ ಕೇಳ್ತಿಲ್ವಾ? ನಾನು ಹೌದೆಂದು ತಲೆಯಾಡಿಸಿದೆ. ಮೆಷಿನ್ ನಿಂತ ಮೇಲೆ ಬೆರಳು ಎಣಿಸಿಕೊಳ್ಳುವವನ ಮುಖ ಹೇಗಿರುತ್ತದೆ ಎಂದು ಅವರು ಒಮ್ಮೆ ನಟಿಸಿ ತೋರಿಸಿದ್ದರು. ಈಗ ನಟನೆಯಿರಲಿಲ್ಲ.

ಅವರು ಏಟು ಶುರು ಮಾಡದೆ ತಗಡಿನ ಸದ್ದೊಂದನ್ನೇ ಹಾಕಿ, ಗುಂಡಿ ತಿರುಗಿಸಿ ತಗ್ಗಿಸಿದರು. ನಾನು ಕೈ ಇಳಿಸಲಿಲ್ಲ. ಇನ್ನೂ ತಗ್ಗಿಸಿದರು. ಇಳಿಸಲಿಲ್ಲ. ತೋಳು ಸೋಲುತ್ತಿತ್ತು. ಮೂರನೆಯ ಸಲಕ್ಕೆ ಅವರ ಮುಖ ಖಾಲಿಯಾಯಿತು. ಅವರ ಪಾಲಿಗೆ ಅದು ನಿಂತುಹೋಗಿತ್ತು. 'ಇದೆಯಾ?' ಎಂದು ತುಟಿಯಲ್ಲೇ ಕೇಳಿದರು. ಇದೆ ಎಂದು ತಲೆಯಾಡಿಸಿದೆ, ಆದರೂ ಕೈ ಮೇಲೇ ಇತ್ತು. ಅವರು ಏನನ್ನೂ ಕೇಳದೆ, ನನ್ನ ಕಣ್ಣನ್ನೇ ನೋಡುತ್ತ ಇನ್ನೊಂದು ಕೂದಲೆಳೆ ತಿರುಗಿಸಿದರು.

ಏಟು ತಿಂದ ತಗಡು ಉಸಿರು ಬಿಟ್ಟಿತು. ನನ್ನ ಹಿಂದೆ ಯಾರೋ "ಅಬ್ಬಾ" ಎಂದರು.

ಕೈ ಇಳಿಸಿದೆ. ಏಟು ಮತ್ತೆ ಶುರುವಾಯಿತು, ಬಾಗಿಲ ಹೊರಗಿದ್ದವರು ಒಳಗೆ ಓಡಿ ಬಂದರು.

ಮನೆಗೆ ನಡೆಯುವಾಗ ಮಾವ ನನ್ನ ಪಕ್ಕಕ್ಕೆ ಬಂದರು.

"ಯಾವಾಗಿಂದ ಗೊತ್ತಿತ್ತು?"

"ಗುರುವಾರದಿಂದ."

"ಹೇಳೋದಲ್ವಾ?"

"ಬಾಯಿ ಬರ್ಲಿಲ್ಲ ಮಾವ."

"ಕೈ ಇತ್ತಲ್ಲೇ." ಸ್ವಲ್ಪ ದೂರ ಹೋದ ಮೇಲೆ ಕೇಳಿದರು: "ಕೊನೇಲಿ ಹೇಗಿತ್ತು ಅದು? ಹೇಳು."

ಹೇಳಿದೆ. ಎಲ್ಲಿ ಬಂತು, ಎಲ್ಲಿ ಹೋಯಿತು, ಎರಡನೆಯ ಸಲ ಬಂದಾಗ ಕೆಂಪು ಅಂಗಿಯವನು ಹೇಗೆ ಕಣ್ಣು ಮುಚ್ಚಿದ ಎಂಬುದನ್ನೆಲ್ಲ. ಅಮ್ಮ ಕಿವಿಯಿಂದ ಸ್ಪಂಜು ಕಿತ್ತು ನನ್ನನ್ನೇ ನೋಡಿದಳು. "ಇದೇನೋ ಇದು, ಇವಳ ಬಾಯಿಗೆ ಕೀಲೆಣ್ಣೆ ಹಾಕಿದ್ಯಾ?"

ಮಾವ ನಗಲಿಲ್ಲ. "ಆ ಅಲಾರಂ ಕೆಟ್ಟಿಲ್ಲ ಅಲ್ವಾ?" ಎಂದರು.

"ಇಲ್ಲ ಮಾವ."

"ಎಷ್ಟಕ್ಕೆ ಹೊಡೆಯುತ್ತೆ?"

"ಐದಕ್ಕೆ."

"ಸರಿ. ನಾಳೆ ಐದಕ್ಕೆ ಅದು ಹೊಡೆದಾಗ ನನಗೆ ಕಾಣೋ ಹಾಗೆ ಕೈ ಎತ್ತು."