ಬೆಂಚುಗಳ ದಾರಿ

ಒಂದೂರಲ್ಲಿ ಒಬ್ಬಳು ಅಜ್ಜಿ. ಅವಳ ಕಣ್ಣಿಗೆ ಮಂಜು, ಮಂಡಿಗೆ ಮುನಿಸು, ನಾಲಿಗೆಗೆ ಮಾತ್ರ ಹದಿಹರೆಯ. ಅದೇ ಬೀದಿಯ ಆ ತುದಿಗೆ ಅವಳ ತಂಗಿಯ ಮನೆ. ಯಾರ ಕೈಯೂ ಹಿಡಿಯದೆ ಹೋಗಿ ಆ ಬಾಗಿಲು ತಟ್ಟಬೇಕೆಂಬುದು ಅಜ್ಜಿಯ ಆಸೆ. ದಣಿದರೆ ಕೂರಲು ದಾರಿಯುದ್ದಕ್ಕೂ ಬೆಂಚುಗಳೇನೋ ಇದ್ದವು, ಕಾಣಬೇಕಲ್ಲ!

"ಬೆಂಚು ಬಂದ ತಕ್ಷಣ ಫೋನೇ ಹೇಳೋ ಹಾಗೆ ಮಾಡ್ಕೊಡ್ತೀನಿ ಅಜ್ಜಿ" ಎಂದು ಮೊಮ್ಮಗಳು ಮಾತು ಕೊಟ್ಟಳು.

ಬೀದಿದೀಪ, ನಲ್ಲಿ, ಮರಗಳ ವಿವರವನ್ನು ನಗರಸಭೆಯ ಡೇಟಾಬೇಸಿಗೆ ತುಂಬುವುದೇ ಅವಳ ಕೆಲಸ. ಬೆಂಚುಗಳಿಗೂ ಒಂದು ಕೋಷ್ಟಕ ಮಾಡಿದಳು. ಸಾಲಿಗೊಂದು ಬೆಂಚು; ಒಂದು ಕಾಲಂನಲ್ಲಿ ಅಕ್ಷಾಂಶ, ಪಕ್ಕದ್ದರಲ್ಲಿ ರೇಖಾಂಶ. ಊಟದ ಬಿಡುವಿನಲ್ಲಿ ಪ್ರತಿ ಬೆಂಚಿನ ಮೇಲೂ ಕೂತು, ಫೋನು ತೋರಿಸಿದ ಅಂಕೆಗಳನ್ನು ನೇರ ಅಲ್ಲಿಗೇ ಕಳಿಸಿದಳು. ಆ ಕೋಷ್ಟಕ ನೋಡಿಕೊಂಡು ಬೆಂಚು ಬಂದಾಗ ಹೇಳುವುದನ್ನು ಅಜ್ಜಿಯ ಫೋನಿಗೆ ಕಲಿಸಿದಳು.

ಭಾನುವಾರ ಅಜ್ಜಿ ಕೋಲು ಹಿಡಿದು ಹೊರಟಳು, ಹಿಂದೆ ಮೊಮ್ಮಗಳು. "ಇಲ್ಲೊಂದು ಬೆಂಚಿದೆ" ಎಂದಿತು ಫೋನು. ಅಜ್ಜಿ ಕೋಲಿನಿಂದ ತಡವಿದಳು. ಅಂಗಡಿಯ ಮುಚ್ಚಿದ ಷಟರು ಡಣ್ ಎಂದಿತು.

"ಇದರ ಮೇಲೆ ಕೂರೋದಾ, ಹತ್ತೋದಾ?"

ಮುಂದೆ ಕಸದ ತೊಟ್ಟಿಯ ಬಳಿ ಫೋನು ಒಂದೇ ಉಸಿರಿಗೆ ಎರಡು ಬೆಂಚು ಇವೆ ಎಂದಿತು.

"ಥೇಟ್ ನಿಮ್ಮ ತಾತ ಕಣೇ. ಗೊತ್ತಿಲ್ಲದಿದ್ರೂ ದಾರಿ ಹೇಳೋ ಚಟ!"

ಅಜ್ಜಿ ನಕ್ಕಳು. ಆದರೆ ಮರಳುವಾಗ ಮೊಮ್ಮಗಳ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. "ಹೋಗ್ಲಿ ಬಿಡು ಪುಟ್ಟಿ, ನನ್ನ ತಂಗೀನೇ ಇಲ್ಲಿಗೆ ಬರ್ತಾಳೆ."

ಆ ಮಾತು ಮೊಮ್ಮಗಳ ಎದೆಯಲ್ಲೇ ಕೂತಿತು.

ಮರುದಿನ ತಪ್ಪು ಸಿಕ್ಕಿತು. ಬಡಾವಣೆಗಳ ಹಳೆಯ ಕೋಷ್ಟಕದಿಂದ ನಕಲು ಮಾಡಿದ್ದ ಆ ಕಾಲಂಗಳು ದಶಮಾಂಶ ಬಿಂದುವಿನ ಬಲಕ್ಕೆ ಮೂರೇ ಅಂಕೆ ಇಟ್ಟುಕೊಂಡು, ಉಳಿದವನ್ನು ಸದ್ದಿಲ್ಲದೆ ಕೈಬಿಟ್ಟಿದ್ದವು. ನೂರು ಮೀಟರು ಅತ್ತಿತ್ತಾದರೂ ಬಡಾವಣೆ ಹುಡುಕಲು ಅಷ್ಟು ಸಾಕು. ಅಜ್ಜಿಗೆ ಬೆಂಚು ಹುಡುಕಿಕೊಡಲು ಎಲ್ಲಿಯ ಸಾಕು! ಕಾಲಂ ಹಿಗ್ಗಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಹೋದ ಅಂಕೆಗಳು ಮರಳಲಿಲ್ಲ. ಅವುಗಳ ಜಾಗದಲ್ಲಿ ಸೊನ್ನೆಗಳು ಕಣ್ಣು ಬಿಟ್ಟುಕೊಂಡು ಕೂತಿದ್ದವು.

"ಪ್ರತಿಯೊಂದನ್ನೂ ಮತ್ತೆ ಅಳೀಬೇಕು ಅಜ್ಜಿ."

"ಅಳೆಯೋಣ. ಈ ಸಲ ನಾನೂ ಬರ್ತೀನಿ. ಕೂರೋಳು ನಾನು ತಾನೇ?"

ದಿನಾ ಸಂಜೆ ಇಬ್ಬರೂ ಹೊರಡುವರು. ಅಜ್ಜಿ ಬೆಂಚಿನ ಮೇಲೆ ಕೂತು ಫೋನನ್ನು ಮಡಿಲಲ್ಲಿಟ್ಟುಕೊಳ್ಳುವಳು. ಅಂಕೆಗಳು ಕುಣಿದು ನಿಲ್ಲುವವರೆಗೆ ಒಂದು ಕತೆ.

"ಇನ್ನೂ ನಿಂತಿಲ್ವಾ? ಸರಿ, ರಾಜಕುಮಾರಿ ಇನ್ನೊಂದು ಕಾಡು ದಾಟ್ಲಿ."

ಅಂಕೆಗಳು ನಿಂತು ಎಷ್ಟೋ ಹೊತ್ತಾಗಿದ್ದರೂ ಮೊಮ್ಮಗಳು ಕೆಲವೊಮ್ಮೆ ಇಲ್ಲವೆನ್ನುವಳು.

ಎಲ್ಲ ಬೆಂಚೂ ಮುಗಿದ ಮೇಲಿನ ಭಾನುವಾರ, ಮೊಮ್ಮಗಳು ಗೇಟಿನಲ್ಲೇ ನಿಂತಳು. ಅಜ್ಜಿಯ ಕೋಲು ಮೊದಲ ಬೆಂಚಿಗೆ ತಾಗಿತು, ಟಕ್. ಕೂತಳು. ಎದ್ದಳು. ಆಮೇಲೆ ತಿರುವಿನಲ್ಲಿ ಮರೆಯಾದಳು. ಮೊಮ್ಮಗಳು ಗೇಟಿನ ಸರಳು ಹಿಡಿದು ತಿರುವಿನತ್ತಲೇ ನೋಡುತ್ತಿದ್ದಳು.

ಕೊನೆಗೆ ಚಿಕ್ಕಜ್ಜಿಯ ಕರೆ ಬಂತು.

"ಏನೇ, ನಿಮ್ಮಜ್ಜಿ ಬಂದು ಬಾಗಿಲಲ್ಲೇ ನಿಂತಿದ್ದಾಳೆ. ಕೂತ್ಕೊಳೇ ಅಕ್ಕ ಅಂದ್ರೆ ಒಲ್ಲೆ ಅಂತಾಳೆ. ದಾರಿಯುದ್ದಕ್ಕೂ ಕೂತ್ಕೊಂಡೇ ಬಂದ್ಲಂತೆ!"